ಬೆಳ್ಳಿಯ ಪರಮಾಣುವಿನಲ್ಲಿ ಎಷ್ಟು ನ್ಯೂಟ್ರಾನ್‌ಗಳಿವೆ? ಪರಮಾಣು, ಅಯಾನು, ಸಮಸ್ಥಾನಿಗಳನ್ನು ಎಣಿಸುವ ಕ್ರಮ

ಆವರ್ತಕ ಕೋಷ್ಟಕದಲ್ಲಿ ಬೆಳ್ಳಿಯ ಮನೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ: 47 ಮತ್ತು 107.87. ಬೆಳ್ಳಿಯ ಪರಮಾಣುವಿನಲ್ಲಿ ಎಷ್ಟು ನ್ಯೂಟ್ರಾನ್‌ಗಳಿವೆ ಎಂದು ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು 107.87 ಅನ್ನು 108 ಎಂದು ಪೂರ್ಣಾಂಕಕ್ಕೆ ತಂದು, ಅದರಿಂದ 47 ಕಳೆದು, 61 ಎಂದು ಉತ್ತರ ಬರೆಯುತ್ತಾರೆ. ಕಳೆಯುವ ಲೆಕ್ಕ ಸರಿಯಾಗಿಯೇ ಇದೆ. ಆದರೆ ಕಾಲ್ಗೆಜ್ಜೆಯ ಬೆಳ್ಳಿಯಲ್ಲಾಗಲಿ, ದೇವರ ಮನೆಯ ದೀಪದ ಬೆಳ್ಳಿಯಲ್ಲಾಗಲಿ 61 ನ್ಯೂಟ್ರಾನ್‌ಗಳಿರುವ ಪರಮಾಣು ಸಿಗುವುದಿಲ್ಲ. ಸುಮಾರು ಅರ್ಧದಷ್ಟು ಪರಮಾಣುಗಳಲ್ಲಿ 60, ಉಳಿದವುಗಳಲ್ಲಿ 62 ನ್ಯೂಟ್ರಾನ್‌ಗಳಿರುತ್ತವೆ. 61 ಎಂಬುದು ಸರಾಸರಿಯಿಂದ ಹುಟ್ಟಿದ ಸಂಖ್ಯೆ.

ಈ ತಪ್ಪು ಅಜಾಗರೂಕತೆಯಿಂದ ಆಗುವುದಲ್ಲ, ಮೂರು ಬೇರೆ ಬೇರೆ ಎಣಿಕೆಗಳನ್ನು ಒಂದರೊಳಗೊಂದು ಬೆರೆಸುವುದರಿಂದ ಆಗುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಒಂಬತ್ತನೆಯ ತರಗತಿಯಿಂದ ಪಿಯುಸಿವರೆಗಿನ ವಿದ್ಯಾರ್ಥಿಗಳಿಗೂ, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ಹೆತ್ತವರಿಗೂ ನಾನು ಸೂಚಿಸುವ ಕ್ರಮ ಬಹಳ ಸರಳವಾದದ್ದು. ಒಂದು ಹಾಳೆಯ ಮೇಲೆ ಮೂರು ಕಂಬಸಾಲುಗಳನ್ನು ಎಳೆದು, ಅವುಗಳ ತಲೆಯ ಮೇಲೆ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಎಂದು ಬರೆದುಕೊಳ್ಳಿ. ಪ್ರೋಟಾನ್‌ಗಳ ಸಂಖ್ಯೆ ಅದು ಯಾವ ಧಾತು ಎಂಬುದನ್ನು ಹೇಳುತ್ತದೆ. ನ್ಯೂಟ್ರಾನ್‌ಗಳ ಸಂಖ್ಯೆ ಆ ಧಾತುವಿನ ಯಾವ ಸಮಸ್ಥಾನಿ (ತೂಕದಲ್ಲಿ ಬೇರೆಯಾದ ಯಾವ ರೂಪ) ಎಂಬುದನ್ನು ಹೇಳುತ್ತದೆ. ಎಲೆಕ್ಟ್ರಾನ್‌ಗಳ ಸಂಖ್ಯೆ ಅದು ತಟಸ್ಥ ಪರಮಾಣುವೋ, ಆವೇಶ ಪಡೆದ ಪರಮಾಣುವಾದ ಅಯಾನೋ ಎಂಬುದನ್ನು ಹೇಳುತ್ತದೆ. ಇದೇ ಅನುಕ್ರಮದಲ್ಲಿ ತುಂಬಬೇಕು, ಮತ್ತು ಒಂದು ಕಂಬಸಾಲಿನ ಉತ್ತರವನ್ನು ಇನ್ನೊಂದರಿಂದ ಊಹಿಸಬಾರದು.

ಎಣಿಸುವ ಮೊದಲು

ಪರಮಾಣುವಿನ ನಡುವೆ ಬೀಜಕೇಂದ್ರವಿದೆ. ಅದರಲ್ಲಿ ಧನಾವೇಶವುಳ್ಳ ಪ್ರೋಟಾನ್‌ಗಳೂ ಆವೇಶವಿಲ್ಲದ ನ್ಯೂಟ್ರಾನ್‌ಗಳೂ ಒತ್ತಾಗಿ ಸೇರಿಕೊಂಡಿವೆ. ಸುತ್ತಲಿನ ವಿಸ್ತಾರದಲ್ಲಿ ಋಣಾವೇಶವುಳ್ಳ ಎಲೆಕ್ಟ್ರಾನ್‌ಗಳಿವೆ. ಪ್ರೋಟಾನಿನ ಧನಾವೇಶವೂ ಎಲೆಕ್ಟ್ರಾನಿನ ಋಣಾವೇಶವೂ ಪರಿಮಾಣದಲ್ಲಿ ಸಮವಾಗಿವೆ, ಆದರೆ ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರವಾಗಿದೆ. ನ್ಯೂಟ್ರಾನ್ ಪ್ರೋಟಾನಿಗಿಂತ ತುಸುವೇ ಹೆಚ್ಚು ಭಾರ. ಹೀಗಾಗಿ ಪರಮಾಣುವಿನ ತೂಕವೆಲ್ಲ ಬಹುಮಟ್ಟಿಗೆ ಬೀಜಕೇಂದ್ರದಲ್ಲಿಯೂ, ಅದು ಆಕ್ರಮಿಸುವ ಜಾಗವೆಲ್ಲ ಎಲೆಕ್ಟ್ರಾನ್‌ಗಳ ವಶದಲ್ಲಿಯೂ ಇರುತ್ತದೆ.

ಜಾಗದ ಈ ಪ್ರಮಾಣ ಎಷ್ಟೆಂಬುದನ್ನು ಒಮ್ಮೆಯಾದರೂ ಕಣ್ಣಿಗೆ ಕಟ್ಟಿಸಿಕೊಳ್ಳಬೇಕು. ಚಿನ್ನದ ಬೀಜಕೇಂದ್ರವನ್ನು ಎರಡು ಮಿಲಿಮೀಟರಿನ ಸಾಸಿವೆ ಕಾಳಿನಷ್ಟು ದೊಡ್ಡದು ಮಾಡಿದರೆ, ಅದೇ ಅಳತೆಯಲ್ಲಿ ಇಡೀ ಚಿನ್ನದ ಪರಮಾಣು ಸುಮಾರು 40 ಮೀಟರ್ ಅಗಲವಾಗುತ್ತದೆ. ಶಾಲೆಯ ಆಟದ ಮೈದಾನದ ನಡುವೆ ಒಂದು ಸಾಸಿವೆ ಇಟ್ಟು, ಮೈದಾನದ ತೂಕವೆಲ್ಲ ಆ ಸಾಸಿವೆಯಲ್ಲೇ ಇದೆ ಎಂದು ಭಾವಿಸಿದಂತೆ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡೆನ್ ತೆಳುವಾದ ಲೋಹದ ಹಾಳೆಯತ್ತ ಧನಾವೇಶವುಳ್ಳ, ವೇಗವಾಗಿ ಚಲಿಸುವ ಆಲ್ಫಾ ಕಣಗಳನ್ನು ಹಾಯಿಸಿದಾಗ ಬಹುತೇಕ ಕಣಗಳು ನೇರವಾಗಿ ದಾಟಿಹೋದವು. ಸಾವಿರಾರು ಕಣಗಳಲ್ಲಿ ಒಂದೊಂದು ಮಾತ್ರ ಬಂದ ದಾರಿಯತ್ತ ಹಿಂದಿರುಗಿತು. ಹಿಂದಿರುಗಿದ ಆ ಅಪರೂಪದ ಕಣಗಳಿಂದಲೇ ಅರ್ನೆಸ್ಟ್ ರದರ್‌ಫೋರ್ಡ್ 1911ರಲ್ಲಿ ಬೀಜಕೇಂದ್ರದ ಇರವನ್ನು ತರ್ಕಿಸಿದರು. ನ್ಯೂಟ್ರಾನನ್ನು ಜೇಮ್ಸ್ ಚಾಡ್ವಿಕ್ ತೋರಿಸಿಕೊಟ್ಟದ್ದು 1932ರಲ್ಲಿ, ಅಂದರೆ ಇಪ್ಪತ್ತೊಂದು ವರ್ಷಗಳ ನಂತರ. ಆವೇಶವಿಲ್ಲದ ಕಣವನ್ನು ಹಿಡಿಯುವುದು ಅಷ್ಟು ಕಷ್ಟವಾಗಿತ್ತು.

ಮೊದಲ ಕಂಬಸಾಲು: ಪ್ರೋಟಾನ್

ಇಲ್ಲಿ ಲೆಕ್ಕವೇ ಇಲ್ಲ. ಧಾತುವಿನ ಹೆಸರು ಗೊತ್ತಿದ್ದರೆ ಆವರ್ತಕ ಕೋಷ್ಟಕದಲ್ಲಿ ಅದರ ಪರಮಾಣು ಸಂಖ್ಯೆಯನ್ನು ನೋಡಿ ಬರೆಯಿರಿ. ಸೋಡಿಯಂ ಎಂದರೆ 11, ಕ್ಲೋರಿನ್ ಎಂದರೆ 17, ಕಬ್ಬಿಣ ಎಂದರೆ 26, ಬೆಳ್ಳಿ ಎಂದರೆ 47. ಅಯಾನಾಗಿರಲಿ, ಸಮಸ್ಥಾನಿಯಾಗಿರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಬದಲಾದರೆ ಧಾತುವೇ ಬದಲಾದಂತೆ.

ಇಂದು ಇಷ್ಟು ಸುಲಭವಾಗಿ ಹೇಳುವ ಈ ಮಾತಿನ ಹಿಂದೆ ಒಬ್ಬ ತರುಣನ ದುಡಿಮೆಯಿದೆ. ಬಹುಕಾಲ ಧಾತುಗಳನ್ನು ಅವುಗಳ ತೂಕದ ಕ್ರಮದಲ್ಲಿ ಜೋಡಿಸುತ್ತಿದ್ದರು. ಆದರೆ ಕೋಬಾಲ್ಟಿನ ಪರಮಾಣು ರಾಶಿ 58.93, ನಿಕ್ಕಲ್‌ನದು 58.69, ತೂಕವನ್ನು ನಂಬಿದರೆ ನಿಕ್ಕಲ್ ಮೊದಲು ಬರಬೇಕು, ರಾಸಾಯನಿಕ ಗುಣಗಳನ್ನು ನಂಬಿದರೆ ಕೋಬಾಲ್ಟ್ ಮೊದಲು ಬರಬೇಕು. 1913ರಲ್ಲಿ ಹೆನ್ರಿ ಮೋಸ್ಲಿ ಒಂದೊಂದೇ ಧಾತುವಿನಿಂದ ಹೊಮ್ಮುವ ಕ್ಷಕಿರಣಗಳ ಆವೃತ್ತಿಯನ್ನು ಅಳೆದಾಗ, ಆ ಆವೃತ್ತಿಯ ವರ್ಗಮೂಲವು ಧಾತುವಿನಿಂದ ಧಾತುವಿಗೆ ಸಮನಾದ ಮೆಟ್ಟಿಲುಗಳಲ್ಲಿ ಏರುತ್ತದೆಂದೂ, ಆ ಮೆಟ್ಟಿಲಿನ ಸಂಖ್ಯೆ ಬೀಜಕೇಂದ್ರದ ಆವೇಶವೇ ಎಂದೂ ಕಂಡುಬಂದಿತು. ಕೋಬಾಲ್ಟ್ 27, ನಿಕ್ಕಲ್ 28. ಅಲ್ಲಿಯವರೆಗೆ ಕೋಷ್ಟಕದಲ್ಲಿನ ಕೇವಲ ಸರದಿ ಸಂಖ್ಯೆಯಾಗಿದ್ದದ್ದು ಅಳೆಯಬಹುದಾದ ಭೌತಿಕ ಪರಿಮಾಣವಾಯಿತು. ಮೋಸ್ಲಿ 1915ರಲ್ಲಿ ಗ್ಯಾಲಿಪೋಲಿಯ ಯುದ್ಧಭೂಮಿಯಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 27 ವರ್ಷ. ಈ ಕಂಬಸಾಲನ್ನು ತುಂಬುವಾಗ ಆ ಹೆಸರನ್ನು ನೆನೆಯುವುದು ನ್ಯಾಯವೆಂದು ನನಗೆ ಅನ್ನಿಸುತ್ತದೆ.

ಎರಡನೆಯ ಕಂಬಸಾಲು: ನ್ಯೂಟ್ರಾನ್

ನ್ಯೂಟ್ರಾನ್‌ಗಳ ಸಂಖ್ಯೆಗೆ ಬೇಕಾದದ್ದು ರಾಶಿಸಂಖ್ಯೆ. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆಯೇ ರಾಶಿಸಂಖ್ಯೆಯಾದ್ದರಿಂದ ಅದು ಯಾವಾಗಲೂ ಪೂರ್ಣಾಂಕವಾಗಿರುತ್ತದೆ. ಪ್ರಶ್ನೆಯಲ್ಲಿ ಅದು ಎರಡು ರೀತಿಗಳಲ್ಲಿ ಬರಬಹುದು: ಧಾತುವಿನ ಸಂಕೇತದ ಎಡಭಾಗದ ಮೇಲ್ತುದಿಯಲ್ಲಿ ಸಣ್ಣ ಅಂಕಿಯಾಗಿ, ಇಲ್ಲವೇ ಹೆಸರಿನ ಮುಂದೆ ಅಡ್ಡಗೆರೆ ಹಾಕಿ, ಕ್ಲೋರಿನ್-35 ಎಂಬಂತೆ. ಆ ಸಂಖ್ಯೆಯಿಂದ ಪರಮಾಣು ಸಂಖ್ಯೆಯನ್ನು ಕಳೆದರೆ ನ್ಯೂಟ್ರಾನ್‌ಗಳ ಸಂಖ್ಯೆ ದೊರೆಯುತ್ತದೆ. ಕ್ಲೋರಿನ್-35ರಲ್ಲಿ 35ರಿಂದ 17 ಕಳೆದು 18, ಕ್ಲೋರಿನ್-37ರಲ್ಲಿ 20. ಎರಡೂ ಕ್ಲೋರಿನ್ನೇ, ಎರಡರಲ್ಲೂ 17 ಪ್ರೋಟಾನ್‌ಗಳಿವೆ, ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಸ್ಥಾನ. ಒಂದೇ ಸ್ಥಾನದಲ್ಲಿರುವುದರಿಂದಲೇ ಅವು ಸಮಸ್ಥಾನಿಗಳು. 1913ರಲ್ಲಿ ಫ್ರೆಡರಿಕ್ ಸಾಡಿ ಬಳಕೆಗೆ ತಂದ, ಮಾರ್ಗರೆಟ್ ಟಾಡ್ ಎಂಬ ವೈದ್ಯೆ ಸೂಚಿಸಿದ ಗ್ರೀಕ್ ಮೂಲದ ಐಸೊಟೋಪ್ ಎಂಬ ಪದದ ಅರ್ಥವೂ ಇದೇ. ಕನ್ನಡದ ಪದ ಅಷ್ಟೇ ನಿಖರವಾಗಿರುವುದರಿಂದ, ಅದರ ಅರ್ಥವನ್ನು ಬಿಡಿಸಿ ಹೇಳಿದರೆ ವ್ಯಾಖ್ಯೆಯನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ರಾಶಿಸಂಖ್ಯೆಯನ್ನು ಕೊಡದೆ ಕೇವಲ ಧಾತುವಿನ ಹೆಸರನ್ನು ಕೊಟ್ಟಿದ್ದರೆ ಏನು ಮಾಡಬೇಕು? ಪ್ರಾಮಾಣಿಕವಾದ ಉತ್ತರವೆಂದರೆ, ಎರಡನೆಯ ಕಂಬಸಾಲನ್ನು ಖಾಲಿ ಬಿಡಬೇಕು. ಕೋಷ್ಟಕದಲ್ಲಿನ ದಶಮಾಂಶ ಸಂಖ್ಯೆ ರಾಶಿಸಂಖ್ಯೆಯಲ್ಲ. ಅದು ಪ್ರಕೃತಿಯಲ್ಲಿ ಸಿಗುವ ಎಲ್ಲ ಸಮಸ್ಥಾನಿಗಳ ರಾಶಿಗಳ ತೂಗಿದ ಸರಾಸರಿ. ಸೋಡಿಯಂ, ಫ್ಲೋರಿನ್, ಅಲ್ಯೂಮಿನಿಯಂಗಳಂತೆ ಪ್ರಕೃತಿಯಲ್ಲಿ ಒಂದೇ ಸಮಸ್ಥಾನಿಯಿರುವ ಧಾತುಗಳಲ್ಲಿ ಪೂರ್ಣಾಂಕಕ್ಕೆ ತಂದರೂ ಸರಿಯಾದ ಉತ್ತರವೇ ಬರುತ್ತದೆ, ಮತ್ತು ಪಠ್ಯಪುಸ್ತಕಗಳ ಮೊದಲ ಉದಾಹರಣೆಗಳು ಸಾಮಾನ್ಯವಾಗಿ ಇಂಥವೇ ಆಗಿರುವುದರಿಂದ ತಪ್ಪು ಅಭ್ಯಾಸ ಬೇರೂರುತ್ತದೆ. ಬ್ರೋಮಿನ್‌ನಲ್ಲಿ ಅದು ಕೈಕೊಡುತ್ತದೆ: ಕೋಷ್ಟಕದಲ್ಲಿ 79.90 ಇದೆ, ಪೂರ್ಣಾಂಕ 80, ಆದರೆ ಪ್ರಕೃತಿಯಲ್ಲಿರುವುದು 79 ಮತ್ತು 81, ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ. ತಾಮ್ರದ 63.55 ಅನ್ನು 64 ಮಾಡಿದರೂ ಹಾಗೆಯೇ; ಸ್ವಾಭಾವಿಕ ತಾಮ್ರದಲ್ಲಿರುವುದು 63 ಮತ್ತು 65.

ಆ ಸರಾಸರಿಯನ್ನು ಕಂಡುಹಿಡಿಯುವ ಕ್ರಮವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದರೆ ಈ ಗೊಂದಲ ಮತ್ತೆ ಬರುವುದಿಲ್ಲ. ಪ್ರತಿ ಸಮಸ್ಥಾನಿಯ ರಾಶಿಯನ್ನು ಅದರ ಪಾಲಿನಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಬೇಕು. ಕ್ಲೋರಿನ್-35ರ ರಾಶಿ 34.969 ಮತ್ತು ಪಾಲು ಶೇ. 75.76; ಕ್ಲೋರಿನ್-37ರ ರಾಶಿ 36.966 ಮತ್ತು ಪಾಲು ಶೇ. 24.24. ಹಾಗಾದರೆ 34.969 × 0.7576 = 26.493, ಮತ್ತು 36.966 × 0.2424 = 8.961; ಒಟ್ಟು 35.45. ಕೋಷ್ಟಕದಲ್ಲಿ ಇರುವುದೂ ಇದೇ. ಉತ್ತರವನ್ನು ಪರೀಕ್ಷಿಸುವ ಒಂದು ಸುಲಭ ಉಪಾಯವಿದೆ: ಸರಾಸರಿ ಯಾವಾಗಲೂ ಅತಿ ಹಗುರ ಮತ್ತು ಅತಿ ಭಾರದ ಸಮಸ್ಥಾನಿಗಳ ನಡುವೆ ಬೀಳಬೇಕು, ಮತ್ತು ಹೆಚ್ಚು ಪಾಲಿರುವುದರ ಕಡೆಗೆ ವಾಲಿರಬೇಕು. 35.45 ಎಂಬುದು 37ಕ್ಕಿಂತ 35ಕ್ಕೆ ಹತ್ತಿರವಿದೆ, ಆದ್ದರಿಂದ ಸರಿ.

ಇದನ್ನೇ ಹಿಂದುಮುಂದಾಗಿಯೂ ಕೇಳುತ್ತಾರೆ: ಸರಾಸರಿಯನ್ನು ಕೊಟ್ಟು ಪಾಲುಗಳನ್ನು ಕಂಡುಹಿಡಿಯಿರಿ ಎಂದು. ತಾಮ್ರದ ಸಮಸ್ಥಾನಿಗಳ ರಾಶಿಗಳು 62.930 ಮತ್ತು 64.928, ಸರಾಸರಿ 63.546 ಎಂದಿಟ್ಟುಕೊಳ್ಳಿ. ಭಾರದ ಸಮಸ್ಥಾನಿಯಿಂದ ಸರಾಸರಿಗೆ ಇರುವ ದೂರ 1.382, ಎರಡು ಸಮಸ್ಥಾನಿಗಳ ನಡುವಿನ ಒಟ್ಟು ದೂರ 1.998. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.692, ಅಂದರೆ ಹಗುರವಾದ ತಾಮ್ರ-63ರ ಪಾಲು ಸುಮಾರು ಶೇ. 69. ಭಾರದ ತುದಿಯಿಂದ ಅಳೆದ ದೂರ ಹಗುರದ ಪಾಲನ್ನು ಕೊಡುತ್ತದೆ ಎಂಬುದನ್ನು ಮರೆಯಬಾರದು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿಯೇ.

ಇಲ್ಲಿ ಗಮನವಿಟ್ಟು ಓದುವ ವಿದ್ಯಾರ್ಥಿಯೊಬ್ಬ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಕ್ಲೋರಿನ್-35ರ ರಾಶಿ 35 ಆಗಿರದೆ 34.969 ಏಕೆ? ಪರಮಾಣು ರಾಶಿಯ ಮಾನವೆಂದರೆ ಇಂಗಾಲ-12ರ ಒಂದು ಪರಮಾಣುವಿನ ರಾಶಿಯ ಹನ್ನೆರಡನೆಯ ಒಂದು ಭಾಗ. ಆ ಮಾನದಲ್ಲಿ ಪ್ರೋಟಾನ್ 1.00728, ನ್ಯೂಟ್ರಾನ್ 1.00866, ಎಲೆಕ್ಟ್ರಾನ್ 0.00055. ಹೀಲಿಯಂ-4ರ ಎರಡೆರಡು ಕಣಗಳನ್ನು ಬಿಡಿಬಿಡಿಯಾಗಿ ತೂಗಿ ಕೂಡಿದರೆ 4.0330 ಆಗಬೇಕು, ಆದರೆ ಕೂಡಿಕೊಂಡ ಪರಮಾಣುವನ್ನು ತೂಗಿದರೆ 4.0026. ಬೀಜಕೇಂದ್ರವಾಗಿ ಬೆಸೆದುಕೊಳ್ಳುವಾಗ ಈ ವ್ಯತ್ಯಾಸದಷ್ಟು ರಾಶಿ ಶಕ್ತಿಯಾಗಿ ಹೊರಹೋಗಿರುತ್ತದೆ, ಮತ್ತು ಆ ಬೀಜಕೇಂದ್ರವನ್ನು ಮತ್ತೆ ಬಿಡಿಸಬೇಕಾದರೆ ಅಷ್ಟೇ ಶಕ್ತಿಯನ್ನು ಹಿಂದಿರುಗಿಸಬೇಕು. ಅದಕ್ಕೆ ಬಂಧಕ ಶಕ್ತಿಯೆಂದು ಹೆಸರು. ಎಣಿಕೆಗೆ ರಾಶಿಸಂಖ್ಯೆ, ತೂಕಕ್ಕೆ ರಾಶಿ: ಈ ಎರಡನ್ನು ಬೇರೆಯಾಗಿಟ್ಟುಕೊಳ್ಳಲು ಇದು ಇನ್ನೊಂದು ಕಾರಣ.

ಸಮಸ್ಥಾನಿಗಳ ನಡುವಿನ ವ್ಯತ್ಯಾಸ ಕಾಗದದ ಮೇಲಿನ ಲೆಕ್ಕಕ್ಕೆ ಮಾತ್ರ ಸೀಮಿತವಲ್ಲ ಎಂಬುದಕ್ಕೆ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಸ್ವಾಭಾವಿಕ ಯುರೇನಿಯಂನಿಂದ ನಡೆಯುತ್ತವೆ. ಯುರೇನಿಯಂ ಎಂದರೆ 92 ಪ್ರೋಟಾನ್‌ಗಳು. ಆದರೆ ಗಣಿಯಿಂದ ಬಂದ ಯುರೇನಿಯಂನಲ್ಲಿ ಶೇ. 99.27ರಷ್ಟು ಪರಮಾಣುಗಳು 146 ನ್ಯೂಟ್ರಾನ್‌ಗಳುಳ್ಳ ಯುರೇನಿಯಂ-238, ಮತ್ತು ಶೇ. 0.72ರಷ್ಟು ಮಾತ್ರ 143 ನ್ಯೂಟ್ರಾನ್‌ಗಳುಳ್ಳ ಯುರೇನಿಯಂ-235. ನಿಧಾನಗತಿಯ ನ್ಯೂಟ್ರಾನ್ ತಾಗಿದಾಗ ವಿದಳನವಾಗುವುದು (ಬೀಜಕೇಂದ್ರ ಒಡೆಯುವುದು) ಈ ಎರಡನೆಯದು. ಅದು ಇಷ್ಟು ವಿರಳವಾಗಿರುವುದರಿಂದ ನ್ಯೂಟ್ರಾನ್‌ಗಳನ್ನು ಪೋಲು ಮಾಡುವಂತಿಲ್ಲ, ಸಾಧಾರಣ ನೀರಿನ ಹೈಡ್ರೋಜನ್ನಾದರೋ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಆದ್ದರಿಂದ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಅಲ್ಲಿ ಬಳಸುವುದು ಭಾರಜಲವನ್ನು. ಅದರ ಹೈಡ್ರೋಜನ್ ಬೀಜಕೇಂದ್ರದಲ್ಲಿ ಆಗಲೇ ಒಂದು ನ್ಯೂಟ್ರಾನ್ ಇರುತ್ತದೆ, ಮತ್ತೊಂದನ್ನು ಸೇರಿಸಿಕೊಳ್ಳುವ ಸಂಭವ ಬಹಳ ಕಡಿಮೆ. ಒಂದು ಕಡೆ ಮೂರು ನ್ಯೂಟ್ರಾನ್‌ಗಳ ವ್ಯತ್ಯಾಸ, ಇನ್ನೊಂದು ಕಡೆ ಒಂದು ನ್ಯೂಟ್ರಾನಿನ ವ್ಯತ್ಯಾಸ. ಸ್ಥಾವರದ ವಿನ್ಯಾಸವೇ ಇವೆರಡರ ಮೇಲೆ ನಿಂತಿದೆ.

ಹೈಡ್ರೋಜನ್ನಿನಲ್ಲಿ ಒಂದು ನ್ಯೂಟ್ರಾನ್ ಹೆಚ್ಚಿದರೆ ತೂಕವೇ ಇಮ್ಮಡಿಯಾಗುವುದರಿಂದ ವ್ಯತ್ಯಾಸ ಕಣ್ಣಿಗೂ ಕಾಣುವಂತಿರುತ್ತದೆ. ಭಾರಜಲ ಸಾಧಾರಣ ನೀರಿಗಿಂತ ಸುಮಾರು ಶೇ. 11ರಷ್ಟು ಸಾಂದ್ರ, ಅದು 3.8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುತ್ತದೆ, ಮತ್ತು ಅದರ ಮಂಜುಗಡ್ಡೆ ಸಾಧಾರಣ ನೀರಿನಲ್ಲಿ ಮುಳುಗುತ್ತದೆ. ಭಾರದ ಧಾತುಗಳಲ್ಲಿ ಇಂಥ ವ್ಯತ್ಯಾಸ ಬಹಳ ಸೂಕ್ಷ್ಮ.

ಮೂರನೆಯ ಕಂಬಸಾಲು: ಎಲೆಕ್ಟ್ರಾನ್

ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳಷ್ಟೇ ಇರುತ್ತವೆ. ಅಯಾನುಗಳಲ್ಲಿ ಸಂಕೇತದ ಬಲ ಮೇಲ್ತುದಿಯಲ್ಲಿ ಆವೇಶವನ್ನು ಬರೆದಿರುತ್ತಾರೆ. ಧನಚಿಹ್ನೆಯಿದ್ದರೆ ಅಷ್ಟು ಎಲೆಕ್ಟ್ರಾನ್‌ಗಳನ್ನು ಪ್ರೋಟಾನ್ ಸಂಖ್ಯೆಯಿಂದ ಕಳೆಯಬೇಕು, ಋಣಚಿಹ್ನೆಯಿದ್ದರೆ ಕೂಡಬೇಕು. ಧನ ಎಂದರೆ ಕೂಡುವುದು ಎಂಬ ಗಣಿತದ ಅಭ್ಯಾಸ ಇಲ್ಲಿ ಎಡವಿಸುತ್ತದೆ. ಎಲೆಕ್ಟ್ರಾನ್ ತಾನೇ ಋಣಾವೇಶದ್ದಾದ್ದರಿಂದ, ಅದು ಕಳೆದುಹೋದರೆ ಉಳಿಯುವುದು ಧನ. ಪ್ರೋಟಾನ್‌ಗಳ ಸಂಖ್ಯೆಯಿಂದ ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಕಳೆದಾಗ ಬರುವ ಉತ್ತರವೇ ಆವೇಶವೆಂದು ಪ್ರತಿಸಲ ಪರೀಕ್ಷಿಸಿಕೊಂಡರೆ ತಪ್ಪಾಗುವುದಿಲ್ಲ. ಸೋಡಿಯಂ ಅಯಾನಿನಲ್ಲಿ 11 ಪ್ರೋಟಾನ್, 10 ಎಲೆಕ್ಟ್ರಾನ್, ಆವೇಶ ಧನ 1. ಕ್ಲೋರೈಡ್ ಅಯಾನಿನಲ್ಲಿ 17 ಪ್ರೋಟಾನ್, 18 ಎಲೆಕ್ಟ್ರಾನ್, ಆವೇಶ ಋಣ 1.

ಯಾವ ಧಾತು ಎಷ್ಟು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಊಹಿಸಲು ಕವಚಗಳ ಜೋಡಣೆಯನ್ನು ಬರೆಯಬೇಕು. ಕ್ಯಾಲ್ಸಿಯಂವರೆಗಿನ ಇಪ್ಪತ್ತು ಧಾತುಗಳಿಗೆ ಎರಡು, ಎಂಟು, ಎಂಟು, ಎರಡು ಎಂಬ ಅನುಕ್ರಮದಲ್ಲಿ ಒಳಗಿನಿಂದ ತುಂಬುತ್ತ ಹೋದರೆ ಸಾಕು. ಸೋಡಿಯಂ 2, 8, 1; ಕ್ಲೋರಿನ್ 2, 8, 7; ಮೆಗ್ನೀಸಿಯಂ 2, 8, 2. ಕವಚ ಎಂದಾಗ ಗ್ರಹಗಳಂತೆ ಸುತ್ತುವ ದಾರಿಯನ್ನು ಕಲ್ಪಿಸಿಕೊಳ್ಳಬಾರದು. ಅದು ಎಲೆಕ್ಟ್ರಾನಿನ ಶಕ್ತಿಯ ಒಂದು ಮಟ್ಟ, ಮತ್ತು ಆ ಮಟ್ಟದಲ್ಲಿ ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಹೆಚ್ಚು ಎಂಬುದನ್ನು ಮಾತ್ರ ಹೇಳಬಹುದು.

ಸೋಡಿಯಂ ಪರಮಾಣು ಎಂಟು ಎಲೆಕ್ಟ್ರಾನ್‌ಗಳ ಹೊರಕವಚವನ್ನು ಪಡೆಯಲು ಬಯಸಿ ಒಂದು ಎಲೆಕ್ಟ್ರಾನನ್ನು ಸಂತೋಷದಿಂದ ಕೊಟ್ಟುಬಿಡುತ್ತದೆ ಎಂದು ತರಗತಿಗಳಲ್ಲಿ ಹೇಳುವುದುಂಟು. ಈ ಮಾತು ನೆನಪಿಡಲು ಹಿತವಾಗಿದ್ದರೂ ಅದನ್ನು ಬಿಟ್ಟುಬಿಡುವುದೇ ಲೇಸು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಅಳತೆಗಳು ಬೇರೆಯದನ್ನೇ ಹೇಳುತ್ತವೆ. ಒಂದು ಮೋಲ್ (ಕಣಗಳನ್ನು ಎಣಿಸಲು ಬಳಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು 496 ಕಿಲೋಜೂಲ್ ಶಕ್ತಿಯನ್ನು ವ್ಯಯಿಸಬೇಕು. ಅವನ್ನು ಒಂದು ಮೋಲ್ ಕ್ಲೋರಿನ್ ಪರಮಾಣುಗಳು ಸ್ವೀಕರಿಸಿದಾಗ ಹೊರಬರುವುದು 349 ಕಿಲೋಜೂಲ್ ಮಾತ್ರ. ಈ ಕೊಡುಕೊಳ್ಳುವಿಕೆಯಿಂದ ನಷ್ಟವೇ ಆಗುತ್ತದೆ. ನಷ್ಟವನ್ನು ತುಂಬಿ ಲಾಭವನ್ನೂ ಕೊಡುವುದು, ವಿರುದ್ಧ ಆವೇಶಗಳ ಅಯಾನುಗಳು ಉಪ್ಪಿನ ಹರಳಿನಲ್ಲಿ ಸಾಲುಸಾಲಾಗಿ ಕೂಡಿಕೊಂಡಾಗ ಬಿಡುಗಡೆಯಾಗುವ ಸುಮಾರು 787 ಕಿಲೋಜೂಲ್. ಹಾಗಾದರೆ ಸೋಡಿಯಂ ಎರಡು ಎಲೆಕ್ಟ್ರಾನ್‌ಗಳನ್ನು ಏಕೆ ಕಳೆದುಕೊಳ್ಳಬಾರದು? ಎರಡನೆಯದನ್ನು ತೆಗೆಯಲು 4562 ಕಿಲೋಜೂಲ್ ಬೇಕು, ಏಕೆಂದರೆ ಅದು ಒಳಗಿನ ತುಂಬಿದ ಕವಚದಿಂದ ಬರಬೇಕು. ಆ ಖರ್ಚನ್ನು ಯಾವ ಹರಳೂ ತುಂಬಿಕೊಡಲಾರದು. ಮೆಗ್ನೀಸಿಯಂನಲ್ಲಿ ಮೊದಲನೆಯದಕ್ಕೆ 738, ಎರಡನೆಯದಕ್ಕೆ 1451, ಮೂರನೆಯದಕ್ಕೆ 7733. ಜಿಗಿತ ಎರಡರ ನಂತರ ಬರುವುದರಿಂದ ಅದು ಧನ 2ಕ್ಕೆ ನಿಲ್ಲುತ್ತದೆ. ಜಿಗಿತ ಎಲ್ಲಿ ಬರುತ್ತದೆಂದು ನೋಡಿದರೆ ಆವೇಶ ತಾನಾಗಿಯೇ ತಿಳಿಯುತ್ತದೆ.

ಕಬ್ಬಿಣದಂಥ ಧಾತುಗಳಲ್ಲಿ ಈ ಸುಲಭ ನಿಯಮ ನಡೆಯುವುದಿಲ್ಲ. ಅದು ಎರಡು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು 24 ಉಳಿಸಿಕೊಳ್ಳಬಹುದು, ಮೂರನ್ನು ಕಳೆದುಕೊಂಡು 23 ಉಳಿಸಿಕೊಳ್ಳಬಹುದು. ಬಳ್ಳಾರಿ ಮತ್ತು ಸಂಡೂರಿನ ಹೆಮಟೈಟ್ ಅದಿರಿನಲ್ಲಿರುವುದು ಧನ 3ರ ಕಬ್ಬಿಣ. ಕುದುರೆಮುಖದಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ತೆಗೆಯುತ್ತಿದ್ದ ಮ್ಯಾಗ್ನಟೈಟ್ ಅದಿರಿನಲ್ಲಿ ಎರಡೂ ಒಟ್ಟಿಗಿವೆ. ಅದರ ಸೂತ್ರದಲ್ಲಿ ಮೂರು ಕಬ್ಬಿಣ, ನಾಲ್ಕು ಆಮ್ಲಜನಕ. ಆಮ್ಲಜನಕದ ಪ್ರತಿ ಅಯಾನಿನ ಆವೇಶ ಋಣ 2 ಆದ್ದರಿಂದ ಒಟ್ಟು ಋಣ 8. ಮೂರು ಕಬ್ಬಿಣಗಳು ಸೇರಿ ಧನ 8 ಆಗಬೇಕು. ಮೂರೂ ಒಂದೇ ಬಗೆಯವಾಗಿದ್ದರೆ ಪೂರ್ಣಾಂಕ ಬರುವುದಿಲ್ಲ. ಒಂದು ಧನ 2, ಎರಡು ಧನ 3 ಎಂದಾಗ ಲೆಕ್ಕ ಕೂಡುತ್ತದೆ. ಪಿಯುಸಿ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದನ್ನು ಗಮನಿಸಬೇಕು: ಕಬ್ಬಿಣದಿಂದ ಮೊದಲು ಹೊರಹೋಗುವುದು ನಾಲ್ಕನೆಯ ಕವಚದ ಎರಡು ಎಲೆಕ್ಟ್ರಾನ್‌ಗಳು, ಮೂರನೆಯ ಕವಚದವು ಆಮೇಲೆ.

ಆವೇಶಗಳ ಮೊತ್ತ ಸೊನ್ನೆಯಾಗಬೇಕೆಂಬ ಈ ನಿಯಮ ಹರಳುಗಳಿಗಷ್ಟೇ ಅಲ್ಲ, ದ್ರಾವಣಗಳಿಗೂ ಅನ್ವಯಿಸುತ್ತದೆ. ವಾಂತಿಭೇದಿಯಾದಾಗ ಕುಡಿಸುವ ಓಆರ್‌ಎಸ್ ದ್ರಾವಣದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವನ್ನು ತೆಗೆದುಕೊಳ್ಳಿ. ಅದರ ಪ್ರತಿ ಲೀಟರಿನಲ್ಲಿ ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10, ಗ್ಲೂಕೋಸ್ 75 ಮಿಲಿಮೋಲ್‌ಗಳಿವೆ. ಧನ ಅಯಾನುಗಳು 75 ಮತ್ತು 20 ಸೇರಿ 95. ಋಣದ ಕಡೆ ಕ್ಲೋರೈಡ್ 65, ಸಿಟ್ರೇಟಿನ ಆವೇಶ ಋಣ 3 ಆದ್ದರಿಂದ ಹತ್ತಕ್ಕೆ 30, ಒಟ್ಟು 95. ಗ್ಲೂಕೋಸಿಗೆ ಆವೇಶವಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ಮಕ್ಕಳಿಂದ ಹೀಗೆ ಕೂಡಿಸಿ ನೋಡಿ, ಅಯಾನು ಎಂದರೇನೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ಪರಮಾಣುವಿಗೂ ಅದರ ಅಯಾನಿಗೂ ನಡವಳಿಕೆಯಲ್ಲಿ ಅಜಗಜಾಂತರವಿದೆ ಎಂಬುದನ್ನು ಒತ್ತಿ ಹೇಳಬೇಕು. ಸೋಡಿಯಂ ಲೋಹ ನೀರಿಗೆ ಬಿದ್ದರೆ ಉಗ್ರವಾಗಿ ವರ್ತಿಸುತ್ತದೆ, ಸೋಡಿಯಂ ಅಯಾನು ನಮ್ಮ ರಕ್ತದಲ್ಲಿಯೇ ಹರಿಯುತ್ತಿರುತ್ತದೆ. ಗಾತ್ರವೂ ಬದಲಾಗುತ್ತದೆ: ಸೋಡಿಯಂ ಪರಮಾಣುವಿನ ತ್ರಿಜ್ಯ 186 ಪಿಕೋಮೀಟರ್, ಅದರ ಅಯಾನಿನದು 102, ಕ್ಲೋರಿನ್‌ನದು 99, ಕ್ಲೋರೈಡಿನದು 181. ಪಾವಗಡ, ಕೋಲಾರದಂಥ ಕಡೆಗಳ ಕೊಳವೆಬಾವಿಗಳ ನೀರಿನ ಫ್ಲೋರೈಡ್ ಸಮಸ್ಯೆಯನ್ನು ಕುರಿತು ಮಾತನಾಡುವಾಗ ಫ್ಲೋರಿನ್ ಎಂದು ಬರೆಯುವುದು ಇದೇ ಕಾರಣಕ್ಕೆ ತಪ್ಪು. ಫ್ಲೋರಿನ್ ಎಂಬುದು ಅತ್ಯಂತ ತೀಕ್ಷ್ಣವಾದ ವಿಷಾನಿಲ. ಬಂಡೆಯ ಖನಿಜಗಳಿಂದ ನೀರಿಗಿಳಿದು, ಲೀಟರಿಗೆ 1.5 ಮಿಲಿಗ್ರಾಂ ಮೀರಿದಾಗ ಹಲ್ಲು ಮೂಳೆಗಳನ್ನು ಕೆಡಿಸುವುದು 9 ಪ್ರೋಟಾನ್, 10 ನ್ಯೂಟ್ರಾನ್, 10 ಎಲೆಕ್ಟ್ರಾನ್‌ಗಳ ಫ್ಲೋರೈಡ್ ಅಯಾನು.

ಮೂರನ್ನೂ ಒಟ್ಟಿಗೆ ತುಂಬುವುದು

ಕೊನೆಯದಾಗಿ, ಮೂರು ಕಂಬಸಾಲುಗಳೂ ಒಟ್ಟಿಗೆ ಕೆಲಸಕ್ಕೆ ಬರುವ ಒಂದು ಉದಾಹರಣೆ. ನಮ್ಮ ಉಪ್ಪಿಗೆ ಅಯೋಡಿನ್ ಬೆರೆಸುವುದು ಥೈರಾಯ್ಡ್ ಗ್ರಂಥಿಗೆ ಅದು ಬೇಕೆಂಬ ಕಾರಣಕ್ಕೆ. ಪ್ರಕೃತಿಯಲ್ಲಿರುವ ಸ್ಥಿರವಾದ ಅಯೋಡಿನ್ ಒಂದೇ, ಅಯೋಡಿನ್-127. ಅದರ ಅಯೋಡೈಡ್ ಅಯಾನಿನ ಸಾಲು ಹೀಗಿರುತ್ತದೆ: 53 ಪ್ರೋಟಾನ್, 74 ನ್ಯೂಟ್ರಾನ್, 54 ಎಲೆಕ್ಟ್ರಾನ್. ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೆಲವು ರೋಗಿಗಳಿಗೆ ಕೊಡುವುದು ಅಯೋಡಿನ್-131ರ ಅಯೋಡೈಡನ್ನು: 53 ಪ್ರೋಟಾನ್, 78 ನ್ಯೂಟ್ರಾನ್, 54 ಎಲೆಕ್ಟ್ರಾನ್. ಮೊದಲ ಮತ್ತು ಮೂರನೆಯ ಕಂಬಸಾಲುಗಳು ಒಂದೇ ಆಗಿರುವುದರಿಂದ ರಾಸಾಯನಿಕ ಗುಣಗಳೂ ಒಂದೇ, ಆದ್ದರಿಂದ ಗ್ರಂಥಿಯು ಎರಡನ್ನೂ ಸಮನಾಗಿ ಹೀರಿಕೊಳ್ಳುತ್ತದೆ. ಭೇದವನ್ನು ತಿಳಿಯಲು ಅದಕ್ಕೆ ದಾರಿಯಿಲ್ಲ. ಎರಡನೆಯ ಕಂಬಸಾಲಿನ ನಾಲ್ಕು ಹೆಚ್ಚುವರಿ ನ್ಯೂಟ್ರಾನ್‌ಗಳಿಂದಾಗಿ ಬೀಜಕೇಂದ್ರ ಅಸ್ಥಿರವಾಗಿದ್ದು, ಅದರ ಅರ್ಧಾಯು, ಅಂದರೆ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 8 ದಿನಗಳು.

ಕ್ಷಯಿಸುವಾಗ ಅಯೋಡಿನ್-131ರ ಒಂದು ನ್ಯೂಟ್ರಾನ್ ಪ್ರೋಟಾನಾಗಿ ಮಾರ್ಪಟ್ಟು, ಬೀಜಕೇಂದ್ರದಿಂದ ವೇಗದ ಎಲೆಕ್ಟ್ರಾನೊಂದು ಹೊರಗೆ ಚಿಮ್ಮುತ್ತದೆ. ಸುತ್ತಲಿನ ಒಂದೆರಡು ಮಿಲಿಮೀಟರಿನೊಳಗಿನ ರೋಗಗ್ರಸ್ತ ಕೋಶಗಳನ್ನು ನಾಶ ಮಾಡುವುದು ಮುಖ್ಯವಾಗಿ ಈ ಎಲೆಕ್ಟ್ರಾನೇ. ಹಾಳೆಯ ಮೇಲಿನ ಸಾಲನ್ನು ಈಗ ತಿದ್ದಿ ಬರೆಯಿರಿ: ಪ್ರೋಟಾನ್ 54, ನ್ಯೂಟ್ರಾನ್ 77, ಸುತ್ತಲಿನ ಎಲೆಕ್ಟ್ರಾನ್‌ಗಳು ಮೊದಲಿನಂತೆಯೇ 54. ಪ್ರೋಟಾನ್ ಸಂಖ್ಯೆ ಬದಲಾದ್ದರಿಂದ ಇದು ಅಯೋಡಿನ್ ಅಲ್ಲ, ಕೋಷ್ಟಕದ ಮುಂದಿನ ಮನೆಯ ಜೆನಾನ್. ರಾಶಿಸಂಖ್ಯೆ ಇನ್ನೂ 131. ಮೊದಲು ಅಯಾನಿನ ಆವೇಶ ಋಣ 1 ಇತ್ತು. ಈಗ ಜೆನಾನಿನ 54 ಪ್ರೋಟಾನ್‌ಗಳಿಗೆ 54 ಎಲೆಕ್ಟ್ರಾನ್‌ಗಳು ಸರಿಹೊಂದಿ ಅದು ತಟಸ್ಥವಾಗಿದೆ, ಮತ್ತು ಆ ಋಣ 1 ಚಿಮ್ಮಿಹೋದ ಎಲೆಕ್ಟ್ರಾನಿನ ಜೊತೆ ಹೋಗಿದೆ.